ಹೊಂಗೆ ಮರ ಮುಳ್ಳುತಂತಿ ನುಂಗಿದೆ, ಪಕ್ಕದ ತೆಂಗಿಗೆ ಹೊಡೆದ ಮೊಳೆ ಹಾಗೇ ಇದೆ. ಯಾಕೆ ಹೀಗೆ?

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಗಿಡಮರದ ವಿಷಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನಮ್ಮ ಗದ್ದೆಯ ಬದುವಿನ ಮೇಲೆ ಸಾಲಾಗಿ ಹೊಂಗೆ, ಬೇವು, ನಡುನಡುವೆ ತೆಂಗು ಇವೆ. ಅಪ್ಪನ ಕಾಲದಲ್ಲಿ ದನ ನುಗ್ಗದಿರಲಿ ಅಂತ ಮುಳ್ಳುತಂತಿ ಎಳೆಸಿದ್ದರು. ಕಲ್ಲುಕಂಬ ಸಾಲದ ಕಡೆ ಮರಕ್ಕೇ ಮೊಳೆ ಹೊಡೆದು ತಂತಿ ಸಿಕ್ಕಿಸಿದ್ದಾರೆ, ಒಂದು ಹೊಂಗೆಗಂತೂ ಸುತ್ತ ಬಿಗಿದು ಗಂಟು ಹಾಕಿದ್ದಾರೆ. ಈಗ ಆ ಬೇಲಿ ಬಿಚ್ಚಿಸಿ ಹೊಸದು ಹಾಕಿಸೋಣ ಅಂತ ಹೋದರೆ, ತಂತಿ ಹೊಂಗೆ ಮರದ ಒಂದು ಮಗ್ಗುಲಲ್ಲಿ ಒಳಗೆ ಹೋಗಿ ಇನ್ನೊಂದು ಮಗ್ಗುಲಲ್ಲಿ ಹೊರಗೆ ಬಂದಿದೆ. ನಡುವೆ ಎಲ್ಲಿ ಹೋಯಿತು ಅಂತ ಹುಡುಕಿದರೆ ತೊಗಟೆಯ ಮೇಲೆ ಒಂದು ಉಬ್ಬಿದ ಗೆರೆ ಮಾತ್ರ. ಅಷ್ಟು ಗಟ್ಟಿ ಮರದೊಳಗೆ ತಂತಿ ಹೇಗೆ ಇಳಿಯಿತು?

ಅದೇ ಸಾಲಿನ ತೆಂಗಿಗೆ ಆಗ ಹೊಡೆದ ಮೊಳೆ ಹೊಡೆದ ಹಾಗೇ ಇದೆ. ತುಕ್ಕು ಹಿಡಿದಿದೆ, ಆದರೆ ತಲೆ ಹೊರಗೇ ಕಾಣುತ್ತದೆ. ಮರ ಮಾತ್ರ ಎಳನೀರು ಕೀಳಲು ಆಳು ಒಪ್ಪದಷ್ಟು ಎತ್ತರ ಹೋಗಿದೆ. ದಪ್ಪ ಆಗೇ ಇಲ್ಲ.

ಇನ್ನೊಂದು ಅನುಮಾನ. ಎಲ್ಲ ಮರದಲ್ಲೂ ತಂತಿ ಇರುವುದು ಕಲ್ಲುಕಂಬದ ತೂತಿನ ಮಟ್ಟಕ್ಕೇ. ಮರ ಇಷ್ಟೆಲ್ಲ ಬೆಳೆದರೆ ತಂತಿಯೂ ಅದರ ಜೊತೆ ಮೇಲೆ ಹೋಗಬೇಕಿತ್ತಲ್ವಾ?

ಪಕ್ಕದ ಗದ್ದೆಯವರು ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಎಳೆದುಬಿಡೋಣ ಅನ್ನುತ್ತಿದ್ದಾರೆ. ಎಳೆಯಬಹುದಾ? ಬಿಟ್ಟರೆ ಮರ ಸಾಯುತ್ತದಾ? ಒಂದು ಎಳೇ ಬೇವಿಗೆ ಎಮ್ಮೆ ಕಟ್ಟುವ ನೈಲಾನ್ ಹಗ್ಗ ಸುತ್ತಿ ಹಾಗೇ ಬಿಟ್ಟಿದ್ದಾರೆ, ಅದೂ ಕಚ್ಚಿಕೊಂಡಿದೆ. ನಾನು ಓದಿದ್ದು ಕಾಮರ್ಸ್. ಆದಷ್ಟು ಸರಳವಾಗಿ ಹೇಳಿ.


ಸುಮ್ನೆ ಓದುಗ:

ಟ್ರ್ಯಾಕ್ಟರ್ ಮಾತ್ರ ಬೇಡ ಅಣ್ಣ. ಹಳೇ ತಂತಿ ತುಂಡಾಗಿ ಹಿಂದಕ್ಕೆ ಹೊಡೆದರೆ ಮರಕ್ಕಿಂತ ಮುಂಚೆ ನೀವು ಆಸ್ಪತ್ರೆ ಸೇರುತ್ತೀರಿ. ಉಳಿದದ್ದು ತಿಳಿದವರು ಹೇಳಲಿ, ನಾನೂ ಕೇಳಿಸಿಕೊಳ್ಳುತ್ತೇನೆ.


ಬಾಟನಿ ಮೇಡಂ, ಮೈಸೂರು:

ಪಿಯು ಮಕ್ಕಳಿಗೆ ಇದೇ ಪಾಠ ಮಾಡುತ್ತೇನೆ. ಬೋರ್ಡ್ ಮೇಲೆ ಗುಂಡಗೆ ಚಿತ್ರ ಬರೆದರೆ ಯಾರಿಗೂ ತಲೆಗೆ ಹೋಗುವುದಿಲ್ಲ, ನಿಮ್ಮ ಬೇಲಿ ಅದಕ್ಕಿಂತ ಚೆನ್ನಾಗಿದೆ.

ಮೊದಲು ಎತ್ತರದ ಮಾತು. ಮರ ಉದ್ದ ಆಗುವುದು ತುದಿಯಲ್ಲಿ ಮಾತ್ರ, ಚಿಗುರು ಇರುವ ಜಾಗದಲ್ಲಿ. ಕೆಳಗಿನ ಕಾಂಡ ಒಮ್ಮೆ ಉದ್ದ ಆಗಿ ನಿಂತಿತು ಅಂದರೆ ಮುಗಿಯಿತು, ಮತ್ತೆ ಹಿಗ್ಗುವುದಿಲ್ಲ. ಹಾಗಾಗಿ ಸೊಂಟದ ಮಟ್ಟಕ್ಕೆ ಹೊಡೆದ ಮೊಳೆ ಮರ ಮುಗಿಲು ಮುಟ್ಟಿದರೂ ಸೊಂಟದ ಮಟ್ಟಕ್ಕೇ ಇರುತ್ತದೆ. ತೆಂಗಲ್ಲೂ ಅಷ್ಟೆ, ಹೊಂಗೆಯಲ್ಲೂ ಅಷ್ಟೆ.

ಇನ್ನು ದಪ್ಪ. ಹೊಂಗೆ, ಬೇವು, ಮಾವು, ಹುಣಸೆಯಂಥ ಮರಗಳಲ್ಲಿ ತೊಗಟೆಗೂ ಮರಕ್ಕೂ ನಡುವೆ ಒಂದು ಬಹಳ ತೆಳ್ಳನೆ ಪದರ ಇರುತ್ತದೆ. ಕ್ಯಾಂಬಿಯಂ ಅನ್ನುತ್ತಾರೆ. ಬರಿಗಣ್ಣಿಗೆ ಪದರ ಅಂತ ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಹಸಿ ಹೊಂಗೆ ಕಡ್ಡಿಯ ಸಿಪ್ಪೆ ಸುಲಿಯಿರಿ, ಕೈಗೆ ಲೋಳೆ ಲೋಳೆ ಅನ್ನಿಸುತ್ತದಲ್ಲ, ಆ ಜಾಗ. ಇಡೀ ಮರ ದಪ್ಪ ಆಗುವುದು ಇಲ್ಲಿಂದಲೇ. ಈ ಪದರದ ಜೀವಕೋಶಗಳು ಒಡೆದು ಎರಡಾಗುತ್ತಾ ಒಳಮಗ್ಗುಲಿಗೆ ಹೊಸ ಮರ ಇಡುತ್ತವೆ, ಹೊರಮಗ್ಗುಲಿಗೆ ಹೊಸ ಒಳತೊಗಟೆ ಇಡುತ್ತವೆ. ಪಾಠದ ಪುಸ್ತಕದಲ್ಲಿ ಕ್ಸೈಲಂ, ಫ್ಲೋಯಂ ಅಂತ ಓದಿರುತ್ತೀರಿ, ಅವೇ ಇವು. ಒಳಗಿನದು ಬೇರಿನಿಂದ ನೀರು ಮೇಲಕ್ಕೆ ಒಯ್ಯುತ್ತದೆ, ಹೊರಗಿನದು ಎಲೆಯಲ್ಲಿ ಆದ ಸಕ್ಕರೆಯನ್ನು ಕೆಳಗೆ ಬೇರಿನ ತನಕ ಇಳಿಸುತ್ತದೆ. ಎರಡೂ ಸಮ ಅಲ್ಲ, ಒಳಗೆ ಇಡುವುದೇ ಬಹಳ ಜಾಸ್ತಿ. ಅದಕ್ಕೇ ದಿಮ್ಮಿ ಕೊಯ್ದರೆ ಮರ ಅಷ್ಟು, ತೊಗಟೆ ಇಷ್ಟು.

ಈಗ ನಿಮ್ಮ ತಂತಿಗೆ ಬನ್ನಿ. ತಂತಿ ಒಳಗೆ ಇಳಿದೇ ಇಲ್ಲ! ಅದು ಕಟ್ಟಿದ ಜಾಗದಲ್ಲೇ ಇದೆ. ಆಗ ಮರದ ಮೈ ಅಲ್ಲಿತ್ತು, ಈಗ ಆ ಮೈಯ ಮೇಲೆ ವರ್ಷ ವರ್ಷ ಹೊಸ ಮರ ಕೂತು ಕೂತು ಮೈ ಹೊರಗೆ ಬಂದಿದೆ. ಒಳಗಿನ ಹಳೇ ಮರ ಒಂದು ಕೂದಲೆಳೆಯಷ್ಟೂ ಜರುಗಿಲ್ಲ. ತಂತಿ ಅಡ್ಡ ಬಂದ ಕಡೆ ಕ್ಯಾಂಬಿಯಂ ಅದರ ಮೇಲೂ ಕೆಳಗೂ ಉಬ್ಬಿ, ಎರಡು ತುಟಿ ಕೂಡಿ, ತಂತಿಯನ್ನು ಮುಚ್ಚಿಕೊಂಡು ಮುಂದೆ ಹೋಗಿದೆ. ನೀವು ನೋಡಿದ ಉಬ್ಬಿದ ಗೆರೆ ಆ ತುಟಿಗಳು ಕೂಡಿದ ಜಾಗ.

ಲೆಕ್ಕ ಬೇಕಿದ್ದರೆ, ಒಂದು ವರ್ಷದಲ್ಲಿ ಸುತ್ತಲೂ 5 ಮಿಲಿಮೀಟರ್ ಮರ ಕೂತರೆ ಅಡ್ಡಳತೆ 1 ಸೆಂಟಿಮೀಟರ್ ಹೆಚ್ಚುತ್ತದೆ, ಸುತ್ತಳತೆ 3 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಬಿಗಿದು ಕಟ್ಟಿದ ತಂತಿ ಮೊದಲ ವರ್ಷವೇ ಯಾಕೆ ಕಚ್ಚುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಕ್ಯಾಂಬಿಯಂ ಕೂಡ ಸುಮ್ಮನೆ ಒಳಗೆ ಹೊರಗೆ ಇಡುತ್ತಾ ಕೂತರೆ ಆಗುವುದಿಲ್ಲ, ತಾನೂ ಅಗಲ ಆಗಬೇಕು, ಇಲ್ಲದಿದ್ದರೆ ದಪ್ಪ ಆದ ಮರವನ್ನು ಸುತ್ತಲು ಅದೇ ಸಾಲದೆ ಬರುತ್ತದೆ. ಅದಕ್ಕೆ ಆಗಾಗ ಅಕ್ಕಪಕ್ಕಕ್ಕೂ ಒಡೆದು ತನ್ನ ಸುತ್ತಳತೆ ಹೆಚ್ಚಿಸಿಕೊಳ್ಳುತ್ತದೆ.

ಹೊರಗಿನ ಒಣ ತೊಗಟೆಗೆ ಈ ಸೌಲಭ್ಯ ಇಲ್ಲ, ಅದು ಸತ್ತ ಪದರ. ಬೆಳೆಯೋ ಹುಡುಗನಿಗೆ ಹೋದ ವರ್ಷದ ಅಂಗಿ ತೊಡಿಸಿದರೆ ಹೊಲಿಗೆ ಬಿಡುತ್ತದಲ್ಲ, ಹಾಗೆ ಬಿರಿಯುತ್ತದೆ. ಒಳಗೆ ಇನ್ನೊಂದು ಕ್ಯಾಂಬಿಯಂ ಇದೆ, ಬೆಂಡಿನಂಥ ಹೊಸ ತೊಗಟೆ ಮಾಡುವುದೇ ಅದರ ಕೆಲಸ. ಬೇವು, ಹುಣಸೆಯಲ್ಲಿ ಹಳೇ ತೊಗಟೆ ಬಿರುಕು ಬಿಟ್ಟು ಅಂಟಿಕೊಂಡೇ ಇರುತ್ತದೆ. ಸೀಬೆಯಲ್ಲಿ ಹಾಳೆ ಹಾಳೆಯಾಗಿ ಉದುರಿ ಹೋಗಿ ಮೈ ನುಣ್ಣಗೆ ಕಾಣುತ್ತದೆ.

ತೆಂಗಿನಲ್ಲಿ ಈ ಕ್ಯಾಂಬಿಯಂ ಇಲ್ಲವೇ ಇಲ್ಲ. ಕಬ್ಬು, ಬಾಳೆ, ಬಿದಿರು, ಅಡಿಕೆ ಎಲ್ಲ ಅದೇ ಜಾತಿ, ಏಕದಳ. ನಿಮ್ಮ ಗದ್ದೆಯಲ್ಲೇ ಒಂದು ಕಬ್ಬಿನ ಜಲ್ಲೆಯನ್ನು ಚೂಪಾದ ಕುಡುಗೋಲಿನಲ್ಲಿ ಅಡ್ಡ ಕೊಯ್ದು ನೋಡಿ. ಬಿಳೀ ತಿರುಳಿನ ತುಂಬ ಚುಕ್ಕೆ ಚುಕ್ಕೆ ಚೆಲ್ಲಿರುತ್ತದೆ. ಒಂದೊಂದು ಚುಕ್ಕೆಯೂ ನೀರು, ಸಕ್ಕರೆ ಸಾಗಿಸುವ ನಾಳಗಳ ಒಂದು ಕಟ್ಟು. ಹೊಂಗೆಯ ಎಳೇ ಕಡ್ಡಿಯಲ್ಲಿ ಈ ಕಟ್ಟುಗಳು ದುಂಡಗೆ ಸಾಲಾಗಿ ಇರುತ್ತವೆ, ಅವುಗಳ ನಡುವೆ ಕ್ಯಾಂಬಿಯಂ ಕೈಗೆ ಕೈ ಸೇರಿಸಿ ಪೂರಾ ಒಂದು ಸುತ್ತು ಆಗುತ್ತದೆ. ಚೆಲ್ಲಾಪಿಲ್ಲಿ ಇರುವ ಕಬ್ಬು, ತೆಂಗಿನಲ್ಲಿ ಆ ಸುತ್ತು ಆಗುವುದಿಲ್ಲ. ಹೊಸ ಪದರ ಇಲ್ಲ ಅಂದ ಮೇಲೆ ಮೊಳೆಯನ್ನು ಮುಚ್ಚುವವರು ಯಾರು?


ತೆಂಗಿನ ತೋಟ, ಮದ್ದೂರು:

ಮೇಡಂ, ಉಳಿದದ್ದೆಲ್ಲ ಸರಿ, ತೆಂಗು ದಪ್ಪ ಆಗುವುದೇ ಇಲ್ಲ ಅನ್ನುವುದನ್ನು ಒಪ್ಪುವುದು ಕಷ್ಟ. ಸಸಿ ನೆಟ್ಟಾಗ ಬುಡ ಮುಂಗೈ ಗಾತ್ರ ಇರುತ್ತದೆ. ಮರ ಆದ ಮೇಲೆ ತಬ್ಬಿದರೆ ಕೈ ಸಾಲದು. ಹುಟ್ಟುವಾಗಲೇ ಅಷ್ಟು ದಪ್ಪ ಇತ್ತಾ?

ಇನ್ನೊಂದು. ನಮ್ಮ ತೋಟದಲ್ಲಿ ಕೆಲವು ಮರ ಬುಡದಲ್ಲಿ ದಪ್ಪ, ನಡುವೆ ಸೊಂಟ ಕಟ್ಟಿದ ಹಾಗೆ ಸಣ್ಣ, ಮತ್ತೆ ಮೇಲೆ ದಪ್ಪ. ನಾಲೆಯಲ್ಲಿ ನೀರು ಬಿಡದೆ, ಬೋರ್‌ವೆಲ್ ಕೂಡ ಕೈಕೊಟ್ಟ ಕಾಲದಲ್ಲಿ ಹಾಗಾಯಿತು ಅಂತ ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಾರೆ.


ಬಾಟನಿ ಮೇಡಂ, ಮೈಸೂರು:

ಒಳ್ಳೇ ಪ್ರಶ್ನೆ ಸರ್, ನಾನೇ ಅದನ್ನು ಹೇಳಬೇಕಿತ್ತು. ತೆಂಗು ಮೊದಲು ದಪ್ಪ ಆಗುತ್ತದೆ, ಆಮೇಲೆ ಎತ್ತರ ಹೋಗುತ್ತದೆ. ಸಸಿ ನೆಟ್ಟ ಮೇಲೆ ಮೂರು ನಾಲ್ಕು ವರ್ಷ ಬರೀ ಗರಿ ಕಾಣುತ್ತದೆ, ಕಾಂಡ ಕಾಣುವುದೇ ಇಲ್ಲ, ಅಲ್ವಾ? ಆ ಹೊತ್ತಿನಲ್ಲಿ ನೆಲದ ಮಟ್ಟದಲ್ಲಿ ಸುಳಿ ಅಗಲ ಆಗುತ್ತಾ ಇರುತ್ತದೆ. ಸುಳಿಯ ಕೆಳಗೇ ದಪ್ಪ ಮಾಡುವ ಒಂದು ಭಾಗ ಇದೆ. ಸಾಕಷ್ಟು ಅಗಲ ಆದ ಮೇಲೆ ಸುಳಿ ಮೇಲಕ್ಕೆ ಹೊರಡುತ್ತದೆ. ಅದು ದಾಟಿ ಹೋದ ಜಾಗದ ಕಾಂಡ ಯಾವ ದಪ್ಪಕ್ಕೆ ಆಯಿತೋ ಹೆಚ್ಚು ಕಡಿಮೆ ಆ ದಪ್ಪಕ್ಕೇ ಉಳಿಯುತ್ತದೆ.

ನಿಮ್ಮ ಹಿರಿಯರು ಹೇಳಿದ್ದು ಪೂರಾ ಸರಿ. ಸುಳಿ ಆ ಎತ್ತರದಲ್ಲಿ ಇದ್ದ ಕಾಲದಲ್ಲಿ ನೀರೋ ಗೊಬ್ಬರವೋ ಸಾಲದೆ ಹೋದರೆ ಆ ತುಂಡು ಸಣ್ಣ ಆಗುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಆ ಸೊಂಟ ತುಂಬಿಕೊಳ್ಳುವುದಿಲ್ಲ, ತುಂಬುವ ಪದರವೇ ಅಲ್ಲಿಲ್ಲ. ಮಾವಿಗಾದರೆ ಬರದ ವರ್ಷ ತೆಳ್ಳನೆ ಪದರ ಕೂತರೂ ಮುಂದಿನ ವರ್ಷಗಳ ಪದರದೊಳಗೆ ಅದು ಮುಚ್ಚಿಹೋಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಹತ್ತಲು ಅನುಕೂಲ ಆಗಲಿ ಅಂತ ಕೆಲವು ಕಡೆ ತೆಂಗಿನ ಕಾಂಡಕ್ಕೆ ಮಚ್ಚಿನಲ್ಲಿ ಮೆಟ್ಟಿಲು ಕೊಯ್ಯುತ್ತಾರೆ. ಆ ಗಾಯ ಮರ ಇರುವವರೆಗೂ ಹಾಗೇ ಇರುತ್ತದೆ, ನೀರು ನಿಂತು ಕೊಳೆಯುವುದಕ್ಕೂ ದಾರಿ. ದಯವಿಟ್ಟು ಯಾರೂ ಕೊಯ್ಯಬೇಡಿ.

ತೆಂಗಿಗೆ ಕಸಿ ಕಟ್ಟಲು ಬಾರದಿರುವುದಕ್ಕೂ ಕಾರಣ ಇದೇ. ಮಾವಿನ ಕಸಿಯಲ್ಲಿ ಬುಡದ ಗಿಡದ ಕ್ಯಾಂಬಿಯಂ, ಮೇಲಿನ ಕಡ್ಡಿಯ ಕ್ಯಾಂಬಿಯಂ ಒಂದಕ್ಕೊಂದು ತಾಗಿದರೆ ಮಾತ್ರ ಬೆಸುಗೆ. ಅದಕ್ಕೇ ನರ್ಸರಿಯವರು ಒಂದೇ ಗಾತ್ರದ ಕಡ್ಡಿ ಹುಡುಕುತ್ತಾರೆ. ಗಾತ್ರ ಬೇರೆ ಇದ್ದರೆ ಒಂದು ಮಗ್ಗುಲನ್ನಾದರೂ ಸರಿಯಾಗಿ ಕೂರಿಸುತ್ತಾರೆ. ತೆಂಗಿನಲ್ಲಿ ತಾಗಿಸುವುದಕ್ಕೆ ಏನಿದೆ?


ಉಳಿ ಸುತ್ತಿಗೆ, ಮೈಸೂರು:

ಮರಗೆಲಸದ ಕಡೆಯಿಂದ ನಾಲ್ಕು ಮಾತು. ನಮ್ಮದು ಬಾಗಿಲು, ಕಿಟಕಿ, ಮಂಚದ ಕೆಲಸ.

ಮೊದಲಿಗೆ, ತಂತಿ ನುಂಗಿದ ಮರವನ್ನು ಯಾವತ್ತಾದರೂ ಸಾಮಿಲ್‌ಗೆ ಕಳಿಸಿದರೆ ಮುಂಚೆಯೇ ಹೇಳಿಬಿಡಿ ಅಣ್ಣ. ಹೊರಗಿನಿಂದ ಏನೂ ಕಾಣುವುದಿಲ್ಲ, ಗರಗಸ ಒಳಗೆ ಹೋದ ಮೇಲೆ ಮೊಳೆಗೆ ತಾಗಿ ಹಲ್ಲು ಹಾರುತ್ತದೆ. ಬ್ಲೇಡ್ ದುಡ್ಡು ಹೋಗಲಿ, ಮುಂದೆ ನಿಂತವನ ಗತಿ? ಹಲಗೆಯಲ್ಲಿ ನೀಲಿ ಕಪ್ಪು ಕಲೆ ಎಳೆದುಕೊಂಡಿದ್ದರೆ ಹತ್ತಿರದಲ್ಲಿ ಕಬ್ಬಿಣ ಇದೆ ಅಂತ ಅನುಮಾನ ಪಡುತ್ತೇವೆ. ಮರದ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಆ ಬಣ್ಣ ಬರುತ್ತದೆ.

ಎರಡನೆಯದು ಚೇಗು. ಮೇಡಂ ಹೇಳಿದ ಹಾಗೆ ಹೊಸ ಮರ ಹೊರಗೆ ಕೂರುತ್ತದೆ, ಅಂದರೆ ನಡುವಿನದು ಎಲ್ಲಕ್ಕಿಂತ ಹಳೆಯದು. ಕೊಯ್ದರೆ ಹೊರಗೆ ಬಿಳೀ ಭಾಗ, ಒಳಗೆ ಬಣ್ಣದ ಚೇಗು. ಬಿಳೀ ಭಾಗಕ್ಕೆ ಗೆದ್ದಲು, ಕುಟ್ಟೆ ಬೇಗ ಬೀಳುತ್ತದೆ. ತೇಗ ಅಂತ ಹೇಳಿ ಎಳೇ ಮರದ ಬಿಳಿಯನ್ನೇ ಬಣ್ಣ ಹಚ್ಚಿ ಮಾರುವವರೂ ಇದ್ದಾರೆ, ನೋಡಿ ತೆಗೆದುಕೊಳ್ಳಿ. ಹಲಸಿನ ಚೇಗು ಹಳದಿ, ವೀಣೆಗೂ ಅದೇ. ಬೀಟೆಯದು ಕಂದು ನೇರಳೆ, ನಮ್ಮ ಮೈಸೂರಿನ ಕೆತ್ತು ಕೂರಿಸುವ ಕೆಲಸಕ್ಕೆ ಆ ಕಪ್ಪು ನೆಲವೇ ಚಂದ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಮಾತ್ರ ಒಳಗೂ ಹೊರಗೂ ಬಿಳಿಯೇ, ಅರಗಿನ ಬಣ್ಣ ಅದರ ಮೇಲೆ ಚೆನ್ನಾಗಿ ಏಳುತ್ತದೆ.

ಶ್ರೀಗಂಧದಲ್ಲಂತೂ ಇದೇ ಎಲ್ಲ. ಹೊರಗಿನ ಬಿಳಿಗೆ ವಾಸನೆಯೇ ಇಲ್ಲ. 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು ಕಾಂಡದ, ಬೇರಿನ ಚೇಗನ್ನು ನಂಬಿಕೊಂಡೇ. ಮರ ಸಣ್ಣದಿರುವಾಗ ಕಡಿದರೆ ಕೈಗೆ ಏನೂ ಸಿಗುವುದಿಲ್ಲ. ಹಾಗಿದ್ದೂ ಕಳ್ಳರು ಕಡಿಯುತ್ತಾರೆ.

ಮೇಡಂ, ಚೇಗು ಹೇಗೆ ಆಗುತ್ತದೆ ಅಂತ ನೀವು ಹೇಳಿ. ನಮಗೆ ಕೊಯ್ಯುವುದು ಗೊತ್ತು. ಇನ್ನೊಂದು, ತೆಂಗಿನ ಮರ ಕೊಯ್ದರೆ ಇದೆಲ್ಲ ತಿರುಗುಮುರುಗು. ಹೊರಗೆ ಕಬ್ಬಿಣ, ನಡುವೆ ಪಿಸಿಪಿಸಿ. ಸೂರಿಗೆ ತೊಲೆ ಮಾಡುವಾಗ ನಡುವಿನದನ್ನು ಎಸೆಯುತ್ತೇವೆ.


ಬಾಟನಿ ಮೇಡಂ, ಮೈಸೂರು:

ನೀರು ಒಯ್ಯುವ ನಾಳಗಳು ಕೆಲಸಕ್ಕೆ ಬರುವ ಹೊತ್ತಿಗೇ ಸತ್ತಿರುತ್ತವೆ. ಸತ್ತು ಒಳಗೆಲ್ಲ ಖಾಲಿ ಆದರೇನೇ ಕೊಳವೆ ಆಗುವುದು. ಅವುಗಳ ನಡುವೆ ಕೆಲವು ಜೀವಂತ ಕೋಶಗಳಿರುತ್ತವೆ, ಗಂಜಿ, ಸಕ್ಕರೆ ಕೂಡಿಡಲು. ಮರ ದಪ್ಪ ಆದ ಹಾಗೆ ನಡುವಿನ ಹಳೇ ನಾಳಗಳು ಮುಚ್ಚಿಕೊಳ್ಳುತ್ತವೆ. ಆ ಜೀವಂತ ಕೋಶಗಳು ಸಾಯುವ ಮುಂಚೆ ಒಗರು, ಅಂಟು, ಎಣ್ಣೆಯಂಥವನ್ನು ಅಲ್ಲಿ ತುಂಬಿ ಹೋಗುತ್ತವೆ. ಅದೇ ನಿಮ್ಮ ಚೇಗು. ಬಣ್ಣ, ವಾಸನೆ, ಗೆದ್ದಲು ತಿನ್ನದಿರುವುದು ಎಲ್ಲ ಆ ತುಂಬಿದ ಸರಕಿನ ಗುಣ.

ಹಾಗಾಗಿ ಚೇಗು ಮರಕ್ಕೆ ಆಧಾರ ಅಷ್ಟೆ, ನೀರು ಸಾಗಿಸುವ ಕೆಲಸ ಅದಕ್ಕಿಲ್ಲ. ನಡುವೆ ಪೂರಾ ಟೊಳ್ಳಾಗಿ ಒಳಗೆ ಮಕ್ಕಳು ಅಡಗಿ ಕೂರುವಷ್ಟು ಜಾಗ ಇದ್ದರೂ ಹುಣಸೆ ಮರ ವರ್ಷ ವರ್ಷ ಹಣ್ಣು ಬಿಡುತ್ತದೆ, ಯಾಕೆ ಅಂದರೆ ಹೊರಗಿನ ಬಿಳೀ ಭಾಗ, ಕ್ಯಾಂಬಿಯಂ, ಒಳತೊಗಟೆ ಮೂರೂ ಚೆನ್ನಾಗಿರುತ್ತವೆ.

ತೆಂಗಿನಲ್ಲಿ ಚೇಗು ಅಂತ ಇಲ್ಲ. ನಾಳದ ಕಟ್ಟುಗಳು ಹೊರಸುತ್ತಿನಲ್ಲಿ ಒತ್ತೊತ್ತಾಗಿ, ನಡುವೆ ವಿರಳವಾಗಿ ಇರುತ್ತವೆ. ಅದಕ್ಕೇ ನಿಮ್ಮ ಉಳಿಗೆ ಹೊರಗೆ ಗಟ್ಟಿ, ನಡುವೆ ಮೆತ್ತಗೆ.


ಕುವೆಂಪುನಗರದವಳು:

ನಮ್ಮ ರಸ್ತೆಯ ಗೋಳು ಕೇಳಿ. ಗಿಡ ನೆಟ್ಟಾಗ ಕಬ್ಬಿಣದ ಗಾರ್ಡ್ ಹಾಕಿದರು, ಸರಿ. ಗಿಡ ಮರ ಆಯಿತು, ಗಾರ್ಡ್ ತೆಗೆಯುವವರೇ ಇಲ್ಲ. ಈಗ ಗಾರ್ಡಿನ ಬಳೆ ಮರದ ಮೈಗೆ ಕಚ್ಚಿಕೊಂಡು, ಬಳೆಯ ಮೇಲ್ಭಾಗ ಊದಿಕೊಂಡು, ಕೆಳಭಾಗ ಬಡವಾಗಿದೆ. ಇನ್ನೊಂದು ಮರಕ್ಕೆ ಯಾರೋ ದಸರಾ ಹೊತ್ತಿನಲ್ಲಿ ಸೀರಿಯಲ್ ಲೈಟ್ ಕಟ್ಟಲು ಬೈಂಡಿಂಗ್ ವೈರ್ ಸುತ್ತಿದ್ದರು, ಲೈಟ್ ತೆಗೆದರು, ವೈರ್ ಬಿಟ್ಟರು. ಎಲೆ ಹಸಿರಾಗೇ ಇದೆಯಲ್ಲ, ಮರಕ್ಕೆ ಏನಾಗಿದೆ ಅಂತ ಕೇಳುತ್ತಾರೆ. ನಿಜವಾಗಿ ತೊಂದರೆ ಇದೆಯಾ ಮೇಡಂ, ಅಥವಾ ಹೊಂಗೆಯ ಹಾಗೆ ಇದೂ ನುಂಗಿಕೊಳ್ಳುತ್ತದಾ?


ಬಾಟನಿ ಮೇಡಂ, ಮೈಸೂರು:

ತೊಂದರೆ ಇದೆ, ಎಲೆ ಹಸಿರಿರುವುದೇ ಜನರನ್ನು ಮೋಸ ಮಾಡುತ್ತದೆ. ಮೇಲೆ ಊದಿಕೊಂಡಿದೆ ಅಂದಿರಲ್ಲ, ಅದನ್ನು 17ನೇ ಶತಮಾನದಲ್ಲೇ ಇಟಲಿಯ ಮಾರ್ಸೆಲ್ಲೋ ಮಾಲ್ಪಿಗಿ ನೋಡಿದ್ದರು. ಕಾಂಡದ ಸುತ್ತ ಒಂದು ಪಟ್ಟಿ ತೊಗಟೆ ಸುಲಿದರೆ ಆ ಪಟ್ಟಿಯ ಮೇಲಿನ ಅಂಚು ಊದುತ್ತದೆ. ಎಲೆಯಿಂದ ಇಳಿಯುವ ಆಹಾರ ಒಳತೊಗಟೆಯಲ್ಲಿ ಬರುತ್ತದೆ, ದಾರಿ ಕಟ್ಟಾದ ಕಡೆ ಮೇಲೇ ನಿಲ್ಲುತ್ತದೆ. ನೀರು ಒಯ್ಯುವ ನಾಳ ಒಳಗಿನ ಮರದಲ್ಲಿ ಇರುವುದರಿಂದ ಅದಕ್ಕೆ ಆಗಲೇ ಏನೂ ಆಗುವುದಿಲ್ಲ. ಎಲೆಗೆ ನೀರು ಬರುತ್ತದೆ, ಎಲೆ ಹಸಿರಿರುತ್ತದೆ. ಬೇರಿಗೆ ಮಾತ್ರ ಊಟ ಇಲ್ಲ. ಕೂಡಿಟ್ಟಿದ್ದನ್ನು ತಿಂದು ಕೆಲವು ತಿಂಗಳು, ಕೆಲವು ಮರ ಅದಕ್ಕಿಂತಲೂ ಜಾಸ್ತಿ ದಿನ ತಡೆಯುತ್ತದೆ, ಆಮೇಲೆ ಬೇರು ಸಾಯುತ್ತದೆ, ಆಗ ಎಲೆಯೂ ಒಣಗುತ್ತದೆ. ಮನೆ ಮುಂದಿನ ಮರ ಬೇಡ ಅನ್ನಿಸಿದವರು ರಾತ್ರಿ ಹೊತ್ತು ಬುಡದ ಸುತ್ತ ತೊಗಟೆ ಕೆತ್ತಿ ಬಿಡುವುದು ಇದನ್ನು ತಿಳಿದೇ.

ಆದ್ದರಿಂದ ಒಂದು ಮಗ್ಗುಲಿಗೆ ತಾಗಿದ ತಂತಿ ಬೇರೆ, ಸುತ್ತ ಬಿಗಿದ ತಂತಿ ಬೇರೆ. ಮಗ್ಗುಲಿಗೆ ತಾಗಿದ್ದರೆ ಆಹಾರ ಪಕ್ಕದಿಂದ ಇಳಿಯುತ್ತದೆ, ಮರ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಸುತ್ತ ಬಿಗಿದಿದ್ದರೆ ಒಂದು ಥರ ಪಂದ್ಯ. ಮೇಲಿನ ತುಟಿ, ಕೆಳಗಿನ ತುಟಿ ತಂತಿಯನ್ನು ದಾಟಿ ಬೇಗ ಕೂಡಿದರೆ ತೊಗಟೆಯ ದಾರಿ ಮತ್ತೆ ತೆರೆಯುತ್ತದೆ, ಮರ ಬದುಕುತ್ತದೆ. ಕೂಡದಿದ್ದರೆ ಇಲ್ಲ. ತಂತಿ ಸಣ್ಣದಿದ್ದಷ್ಟೂ ಕೂಡುವುದು ಸುಲಭ, ನಿಮ್ಮ ರಸ್ತೆಯ ಗಾರ್ಡಿನಂಥ ಅಗಲ ಪಟ್ಟಿಗೆ ಕಷ್ಟ. ಅದನ್ನು ಇಂದೇ ಕತ್ತರಿಸಬೇಕು. ಸಂಬಂಧಪಟ್ಟವರಿಗೆ ಒಂದು ಅರ್ಜಿ ಕೊಟ್ಟು, ಫೋಟೋದಲ್ಲಿ ಆ ಊತ ಚೆನ್ನಾಗಿ ಕಾಣುವ ಹಾಗೆ ತೋರಿಸಿ.

ಮಳೆ ಮರದಂಥ ದೊಡ್ಡ ಮರಗಳ ಬುಡಕ್ಕೆ ತಾಗಿಸಿ ಕಾಂಕ್ರೀಟ್ ಸುರಿಯುವುದೂ ಇದೇ ಸಾಲಿಗೆ ಸೇರುತ್ತದೆ. ಬುಡವೂ ದಪ್ಪ ಆಗಬೇಕು, ಬೇರೂ ದಪ್ಪ ಆಗಬೇಕು. ಬೇರಿಗೂ ಕ್ಯಾಂಬಿಯಂ ಇದೆ. ಫುಟ್‌ಪಾತ್ ಕಲ್ಲು ಎದ್ದರೆ ಮರವನ್ನು ಬೈಯುತ್ತಾರೆ!


ಹೆಬ್ಬೇವು ಹಾಕಿದವನು, ಹೆಚ್.ಡಿ. ಕೋಟೆ:

ಕ್ಯಾಂಬಿಯಂ ಚುರುಕಾಗಲು ಏನು ಮಾಡಬೇಕು ಅದನ್ನು ಹೇಳಿ ಮೇಡಂ. ಹೆಬ್ಬೇವು ಒತ್ತಾಗಿ ನೆಟ್ಟಿದ್ದೇನೆ, ನೆಟ್ಟಗೆ ಬರಲಿ ಅಂತ ಕೆಳಗಿನ ಕೊಂಬೆ ಎಲ್ಲ ಸವರಿಸುತ್ತಿದ್ದೇನೆ, ಗಾಳಿಗೆ ಬೀಳದಿರಲಿ ಅಂತ ಗೂಟ ಕಟ್ಟಿದ್ದೇನೆ. ಉದ್ದ ಹೋಗುತ್ತಿವೆ, ದಪ್ಪ ಬರುತ್ತಿಲ್ಲ. ಬದುವಿನ ಮೇಲೆ ತಾನಾಗಿ ಬಂದ ಒಂದು ಗಿಡ ಇವಕ್ಕಿಂತ ದಪ್ಪ ಆಗಿದೆ.


ಬಾಟನಿ ಮೇಡಂ, ಮೈಸೂರು:

ಬದುವಿನ ಗಿಡಕ್ಕೆ ಸುತ್ತಲೂ ಬಿಸಿಲು, ಮೈತುಂಬ ಎಲೆ, ಗೂಟ ಇಲ್ಲ. ಉತ್ತರ ಅಲ್ಲೇ ಇದೆ.

ಕ್ಯಾಂಬಿಯಂಗೆ ಎರಡು ಬೇಕು. ಒಂದು ಸಕ್ಕರೆ, ಇನ್ನೊಂದು ಕೆಲಸ ಶುರು ಮಾಡು ಅನ್ನುವ ಹಾರ್ಮೋನ್, ಅದರಲ್ಲಿ ಮುಖ್ಯವಾದದ್ದು ಆಕ್ಸಿನ್. ಎರಡೂ ಮೇಲಿನಿಂದ, ಎಲೆ ಮತ್ತು ಚಿಗುರಿನಿಂದ ಇಳಿದು ಬರುತ್ತವೆ. ಕೊಂಬೆ ಜಾಸ್ತಿ ಸವರಿದರೆ ಎರಡಕ್ಕೂ ಕತ್ತರಿ. ಒತ್ತಾಗಿ ನೆಟ್ಟರೆ ಗಿಡಗಳು ಬೆಳಕಿಗೆ ಪೈಪೋಟಿ ಬಿದ್ದು ಎಲ್ಲ ಶಕ್ತಿಯನ್ನೂ ಎತ್ತರಕ್ಕೆ ಹಾಕುತ್ತವೆ. ಗೂಟದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಾಳಿಗೆ ಕಾಂಡ ಓಲಾಡಿದರೆ ಕ್ಯಾಂಬಿಯಂ ಹೆಚ್ಚು ಮರ ಇಡುತ್ತದೆ. ಅಲುಗಾಡದ ಹಾಗೆ ಕಟ್ಟಿದ ಗಿಡ ಉದ್ದ, ತೆಳ್ಳಗೆ ಆಗುತ್ತದೆ. ಗೂಟ ಬಿಚ್ಚಿ ಅಂತ ಈಗಲೇ ಹೇಳುವುದಿಲ್ಲ, ಒಮ್ಮೆಗೇ ಬಿಚ್ಚಿದರೆ ಬಾಗಿ ನಿಂತುಬಿಡಬಹುದು. ಕಟ್ಟು ಸಡಿಲ ಮಾಡಿ, ಸ್ವಲ್ಪ ಓಲಾಡಲಿ. ಸವರುವುದನ್ನು ಕಡಿಮೆ ಮಾಡಿ, ಸಾಲು ಬಿಟ್ಟು ಸಾಲು ಕೆಲವು ತೆಗೆದು ಉಳಿದವಕ್ಕೆ ಜಾಗ ಕೊಡಿ. ಅಳೆಯುವುದಾದರೆ ಪ್ರತಿ ಸಲ ನೆಲದಿಂದ 1.37 ಮೀಟರ್ ಎತ್ತರದಲ್ಲೇ ಟೇಪ್ ಹಿಡಿಯಿರಿ, ಅರಣ್ಯದವರು ಅಳೆಯುವುದೂ ಅಲ್ಲೇ. ಒಂದು ಸಲ ಮೊಣಕಾಲಿಗೆ, ಒಂದು ಸಲ ಎದೆಗೆ ಹಿಡಿದರೆ ಲೆಕ್ಕ ಸಿಗುವುದಿಲ್ಲ.


ಸುಮ್ನೆ ಓದುಗ:

ಹಾಗಾದರೆ ಈ ಹೊಂಗೆ ಕೊಯ್ದು ಉಂಗುರ ಎಣಿಸಿದರೆ ಬೇಲಿ ಯಾವ ವರ್ಷ ಹಾಕಿದ್ದು ಅಂತ ಗೊತ್ತಾಗುತ್ತದಾ? ಕೊಯ್ಯಿ ಅಂತ ಹೇಳುತ್ತಿಲ್ಲ ಮತ್ತೆ!


ಬಾಟನಿ ಮೇಡಂ, ಮೈಸೂರು:

ಹೊಂಗೆಯಲ್ಲಿ ನಂಬಲು ಕಷ್ಟ. ಉಂಗುರ ಮೂಡಬೇಕಾದರೆ ಕ್ಯಾಂಬಿಯಂ ವರ್ಷಕ್ಕೊಮ್ಮೆ ಸರಿಯಾಗಿ ನಿಲ್ಲಬೇಕು. ಹಿಮ ಬೀಳುವ ದೇಶಗಳಲ್ಲಿ ಚಳಿಗೆ ನಿಲ್ಲುತ್ತದೆ, ಅದಕ್ಕೇ ಅಮೆರಿಕದ ಬ್ರಿಸಲ್‌ಕೋನ್ ಪೈನ್ ಮರಗಳಲ್ಲಿ 4,800ಕ್ಕೂ ಹೆಚ್ಚು ಉಂಗುರ ಎಣಿಸಿದ್ದಾರೆ. ನಮ್ಮಲ್ಲಿ ತೇಗ ಸರಿ. ಬೇಸಿಗೆಗೆ ಎಲೆ ಉದುರಿಸಿ ಸುಮ್ಮನಾಗುತ್ತದೆ, ಮಳೆಗೆ ಏಳುತ್ತದೆ, ಏಳುವಾಗ ದೊಡ್ಡ ದೊಡ್ಡ ನಾಳ ಇಡುತ್ತದೆ, ಹಾಗಾಗಿ ಗೆರೆ ಚೆನ್ನಾಗಿ ಕಾಣುತ್ತದೆ. ಮಂಡ್ಯದಲ್ಲಿ ಮೇ ತಿಂಗಳಲ್ಲಿ ಒಂದು ಮಳೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ, ನಡುವೆ ನಾಲೆ ನೀರು. ಬದುವಿನ ಮರಕ್ಕೆ ನಿಲ್ಲುವ ಕಾಲ ಯಾವುದು, ಏಳುವ ಕಾಲ ಯಾವುದು ಹೇಳಿ? ಒಂದೇ ವರ್ಷ ಎರಡು ಗೆರೆ ಬಂದರೂ ಬಂತು, ಒಂದೂ ಬಾರದಿದ್ದರೂ ಇಲ್ಲ.


ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ಬಹಳ ಉಪಕಾರ ಆಯಿತು. ಕಬ್ಬು ಅಡ್ಡ ಕೊಯ್ದು ನೋಡಿದೆ ಮೇಡಂ, ಚುಕ್ಕೆ ಇವೆ. ಹುಟ್ಟಿದಾಗಿನಿಂದ ಕಬ್ಬು ಕಡಿಯುತ್ತಿದ್ದೇವೆ, ಹೀಗೆ ಯಾರು ನೋಡುತ್ತಾರೆ!

ಟ್ರ್ಯಾಕ್ಟರ್ ವಿಚಾರ ಬಿಟ್ಟೆ. ಕೆಲಸ ಹೀಗೆ ಮಾಡೋಣ ಅಂದುಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ. ಹೊಂಗೆ ನುಂಗಿದ ತಂತಿಯನ್ನು ಎರಡೂ ಮಗ್ಗುಲಲ್ಲಿ ಮರದ ಮೈಗೆ ಸಮನಾಗಿ ಕತ್ತರಿಸಿ, ಒಳಗಿನದನ್ನು ಒಳಗೇ ಬಿಡುವುದು. ಬೇವಿನ ನೈಲಾನ್ ಹಗ್ಗ ಬಿಡಿಸುವುದು. ಹೊಸ ಬೇಲಿಗೆ ಮರ ಮುಟ್ಟದೆ ಎಲ್ಲ ಕಡೆ ಕಲ್ಲುಕಂಬ.


ಬಾಟನಿ ಮೇಡಂ, ಮೈಸೂರು:

ಸರಿಯಾಗಿದೆ. ಒಳಗಿನ ತಂತಿ ಕೀಳಲು ಹೋದರೆ ಈಗ ಕೂಡಿರುವ ತೊಗಟೆಯನ್ನೇ ಮತ್ತೆ ಸೀಳಿದ ಹಾಗೆ. ಸುತ್ತ ಬಿಗಿದ ಹೊಂಗೆಯಲ್ಲಿ ತುಟಿ ಪೂರಾ ಕೂಡಿದೆಯಾ ಅಂತ ಒಂದು ಸುತ್ತು ಬಂದು ನೋಡಿ. ಎಲ್ಲಾದರೂ ತಂತಿ ಕಣ್ಣಿಗೆ ಬಿದ್ದರೆ ಅಲ್ಲಿ ಕತ್ತರಿಸಿ. ಬೇವಿನ ಹಗ್ಗ ತೊಗಟೆಯೊಳಗೆ ಇದ್ದರೆ ಎಳೆಯಬೇಡಿ, ಕಾಣುವ ಕಡೆ ಮೂರು ನಾಲ್ಕು ತುಂಡು ಮಾಡಿ, ತಾನಾಗಿ ಬರುವ ಭಾಗ ಮಾತ್ರ ತೆಗೆಯಿರಿ. ಗಾಯಕ್ಕೆ ಸಿಮೆಂಟ್, ಟಾರು ಏನೂ ಮೆತ್ತಬೇಡಿ. ಮಳೆ ಶುರುವಾಗುವ ಮುಂಚೆ ಮಾಡಿದರೆ ಒಳ್ಳೆಯದು, ಕ್ಯಾಂಬಿಯಂ ಏಳುವ ಹೊತ್ತಿಗೆ ದಾರಿ ತೆರೆದಿರುತ್ತದೆ.


ಕಬ್ಬಿನಗದ್ದೆ, ಮಂಡ್ಯ:

ಆಗಲಿ ಮೇಡಂ. ಉಳಿ ಸುತ್ತಿಗೆಯವರೇ, ಕತ್ತರಿಸಲು ಗ್ರೈಂಡರ್ ತರಿಸಬೇಕಾ, ಕಟಿಂಗ್ ಪ್ಲೇಯರ್ ಸಾಕಾ?


ಉಳಿ ಸುತ್ತಿಗೆ, ಮೈಸೂರು:

ಗ್ರೈಂಡರ್ ಬೇಡ, ಕಿಡಿ ಹಾರಿ ಒಣಗಿದ ಕಬ್ಬಿನ ಸೋಗೆಗೆ ಬಿದ್ದರೆ ಗದ್ದೆಯೇ ಹೋಗುತ್ತದೆ, ಕೈ ಜಾರಿದರೆ ತೊಗಟೆಗೂ ಏಟು. ಮುಳ್ಳುತಂತಿಗೆ ಒಳ್ಳೇ ಕಟಿಂಗ್ ಪ್ಲೇಯರ್ ಸಾಕು, ದಪ್ಪ ತಂತಿ ಇದ್ದರೆ ಬೋಲ್ಟ್ ಕಟರ್ ಬಾಡಿಗೆಗೆ ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ. ಕತ್ತರಿಸುವ ಮುಂಚೆ ತಂತಿಯ ಎರಡೂ ಕಡೆ ಯಾರಾದರೂ ಗಟ್ಟಿಯಾಗಿ ಹಿಡಿದಿರಲಿ. ಕಡಿದ ಮೇಲೆ ಆ ಎರಡು ಜಾಗಕ್ಕೆ ಪೇಂಟಿನಲ್ಲಿ ಒಂದು ಗುರುತು ಹಾಕಿಬಿಡಿ, ನಾಳೆ ನಿಮ್ಮ ಮಕ್ಕಳು ಕೊಯ್ಸಿದರೆ ಸಾಮಿಲ್‌ನವನಿಗೆ ಗೊತ್ತಾಗಬೇಕು. ಅದರ ಮೇಲೂ ತೊಗಟೆ ಬರುತ್ತದಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಪೇಂಟ್ ಹೊಸದಾಗಿ ಹಚ್ಚಬೇಕು.